ನಿಲ್ಲಲು ಬಾರದ ಹಕ್ಕಿ

ನನ್ನ ಕೆಲಸ ಏನು ಎಂದು ಕೇಳಿದವರಿಗೆ ಬಿಡಿಸಿ ಹೇಳಿ ಹೇಳಿ ಸಾಕಾಗಿ, ಈಗೀಗ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ನಿಜ ಹೇಳಿದರೆ ನಗುತ್ತಾರೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಕೆಳಗೆ ಪಂಕ್ಚರ್ ಅಂಗಡಿ ಇರುವ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ನಾನು ಅರಬ್ಬೀ ಸಮುದ್ರದ ಹಕ್ಕಿಗಳನ್ನು ಗುರುತಿಸುತ್ತೇನೆ. ದೊಡ್ಡ ಹಕ್ಕಿಗಳನ್ನಲ್ಲ. ಅಂಗೈಯಲ್ಲಿ ಹಿಡಿಸುವಂಥ, ಮೊಟ್ಟೆ ಇಡುವಾಗ ಬಿಟ್ಟರೆ ನೆಲ ಮುಟ್ಟದ, ನೀರಿನ ಮೇಲೆಯೇ ಬದುಕು ಕಳೆಯುವ ಪೆಟ್ರೆಲ್ ಎಂಬ ಪುಟ್ಟ ಹಕ್ಕಿಗಳನ್ನು. ಮೀನಿಗೆ ಹೋದವರು, ಸಮೀಕ್ಷೆಗೆ ಹೋದವರು ದೋಣಿಯಿಂದ ತೆಗೆದ ಫೋಟೋಗಳು ಕಾರವಾರದಲ್ಲಿ ಕಡಲ ಹಕ್ಕಿಗಳ ಅಧ್ಯಯನ ಮಾಡುವ ಅತೀಕ ಸರ್ ಕಡೆ ಬರುತ್ತವೆ. ಅವರು ನನಗೆ ಕಳಿಸುತ್ತಾರೆ. ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ಇದು ಇಂಥ ಜಾತಿ, ಇಂಥ ತಿಂಗಳು, ಕಡಲಿನ ಇಂಥ ಜಾಗ ಎಂದು ನಕಾಶೆಯ ಮೇಲೆ ಚುಕ್ಕೆ ಇಡುತ್ತೇನೆ. ಯಾವ ಹಕ್ಕಿ ಯಾವ ಕಾಲಕ್ಕೆ ಎಲ್ಲಿರುತ್ತದೆ ಎಂಬುದು ಆ ಚುಕ್ಕೆಗಳಿಂದ ತಿಳಿಯಬೇಕು.

ಕುಳಿತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಹತ್ತು ಫೋಟೋ ನೋಡಿದರೆ ಎದ್ದು ಕೋಣೆ ತುಂಬ ಓಡಾಡುತ್ತೇನೆ, ಕೆಳಗಿಳಿದು ಚಹಾ ಕುಡಿಯುತ್ತೇನೆ, ಮತ್ತೆ ಹತ್ತುತ್ತೇನೆ. ಜಗತ್ತೆಲ್ಲ ಅಲೆಯುವ ಹಕ್ಕಿಯ ಹಿಂದೆ ಕುರ್ಚಿಯಲ್ಲಿ ಕುಳಿತು ಓಡುವ ನನ್ನ ಹಣೆಬರಹಕ್ಕೆ ನನಗೇ ಸಿಟ್ಟು ಬರುತ್ತದೆ. ಅದರಲ್ಲೂ ಎರಡು ಜಾತಿ ನನ್ನ ತಲೆ ತಿಂದು ಹಾಕಿವೆ. ಒಂದು ಸ್ವಿನ್ಹೋ, ಇನ್ನೊಂದು ಮತ್ಸುದೈರಾ. ಎರಡೂ ತಳ ಹಿಡಿದ ಪಾತ್ರೆಯ ಬಣ್ಣದವು, ಎರಡಕ್ಕೂ ಕವಲು ಬಾಲ. ಬೇರೆಯಾಗುವುದು ರೆಕ್ಕೆಯ ತುದಿಯ ಉದ್ದ ಗರಿಗಳಲ್ಲಿ ಮಾತ್ರ. ಗರಿಯ ನಡುವಿನ ಕಡ್ಡಿ ಬುಡದ ಹತ್ತಿರ ಒಂದಕ್ಕೆ ಚೂರೇ ಚೂರು ಬಿಳಿ, ಇನ್ನೊಂದಕ್ಕೆ ಜಾಸ್ತಿ ಬಿಳಿ. ಕುಲುಕುವ ದೋಣಿಯಲ್ಲಿ ನಿಂತವನು ತೆಗೆದ ಫೋಟೋದಲ್ಲಿ ಆ ಬಿಳಿಯನ್ನು ಹುಡುಕುವುದು ನನ್ನ ಹೊಟ್ಟೆಪಾಡು.

ಜೂನ್, ಜುಲೈ ಬಂತೆಂದರೆ ಆ ನಕಾಶೆ ಖಾಲಿ. ಮೀನುಗಾರಿಕೆ ಬಂದ್ ಇರುತ್ತದೆ, ಕಡಲು ಕೆರಳಿರುತ್ತದೆ, ಫೋಟೋ ಯಾರು ತೆಗೆಯಬೇಕು? ಮಳೆಗಾಲಕ್ಕೆ ಸ್ವಿನ್ಹೋ ನಮ್ಮ ಕಡಲು ಬಿಟ್ಟು ಹೋಗುತ್ತದೆ ಎಂದು ಅತೀಕ ಸರ್ ವಾದ. ಹೋಗುವುದಿಲ್ಲ, ನೋಡುವವರಿಲ್ಲ ಅಷ್ಟೇ ಎಂದು ನನ್ನ ವಾದ. ನಾಲ್ಕು ವರ್ಷದಿಂದ ಈ ಜಗಳ ನಡೆದಿದೆ. ತಮಾಷೆಯೆಂದರೆ, ಇಷ್ಟೆಲ್ಲ ಜಗಳಾಡುವ ನಾನು ಒಂದೇ ಒಂದು ಪೆಟ್ರೆಲ್ಲನ್ನೂ ಕಣ್ಣಾರೆ ಕಂಡಿರಲಿಲ್ಲ.

ಗುಜರಾತಿನ ಕಡೆಗೆ ಹೊರಟ ಚಂಡಮಾರುತ ನಮ್ಮ ಕಡೆಗೂ ಗಾಳಿ ಬಿಟ್ಟು ಹೋಗಿತ್ತು. ಓಣಿಯ ಫ್ಲೆಕ್ಸುಗಳೆಲ್ಲ ಹರಿದು ತಂತಿಗೆ ಜೋತುಬಿದ್ದಿದ್ದವು, ಪಂಕ್ಚರ್ ಅಂಗಡಿಯ ತಗಡು ಎರಡು ದಿನದಿಂದ ಬಡಿದುಕೊಳ್ಳುತ್ತಲೇ ಇತ್ತು. ಆ ಬೆಳಗ್ಗೆ ತಿಕೋಟಾದಿಂದ ಮಲ್ಲಿಕಸಾಬ ಕಾಕಾ ಒಂದು ಫೋಟೋ ಕಳಿಸಿದರು. ಕಾಕಾ ನನ್ನ ಅಪ್ಪನ ಹಳೇ ದೋಸ್ತ, ದ್ರಾಕ್ಷಿ ತೋಟದವರು. ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸುವ ಅವರ ಶೆಡ್ಡು ಜೂನಿನಲ್ಲಿ ಖಾಲಿ ಬಿದ್ದಿರುತ್ತದೆ. ಆ ಶೆಡ್ಡಿನ ಹಸಿರು ಬಲೆಯೊಳಗೆ ರಾತ್ರಿ ಗಾಳಿಗೆ ಬಂದು ಬಿದ್ದಿದ್ದಂತೆ. ಅಬಾಬೀಲ, ಅಂದರೆ ಕವಲುತೋಕೆ ಹಕ್ಕಿ, ಇರಬಹುದೇ ಎಂದು ಕೇಳಿದ್ದರು. ಪ್ಲಾಸ್ಟಿಕ್ ಕ್ರೇಟಿನಲ್ಲಿ ಕಪ್ಪಗೆ, ಪೆಚ್ಚಾಗಿ ಕುಳಿತ ಒಂದು ಹಕ್ಕಿ. ಕೊಕ್ಕನ್ನು ದೊಡ್ಡದು ಮಾಡಿ ನೋಡಿದೆ. ಕೊಕ್ಕಿನ ಮೇಲೆ ಸಣ್ಣ ಕೊಳವೆಯಂಥ ಮೂಗು, ಪೆಟ್ರೆಲ್ಲಿನ ಗುರುತು. ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು.

ಅತೀಕ ಸರ್‌ಗೆ ಫೋನು ಹಚ್ಚಿದೆ. ಯಾವಾಗಲೂ ಮಾತಿಗೆ ಮಾತು ಕೊಡುವ ಮನುಷ್ಯ ಈ ಸಲ ವಾದಕ್ಕಿಳಿಯದೆ ಫೋಟೋ ನೋಡಿದರು. ಆಮೇಲೆ ಬಡಬಡ ಹೇಳಿದರು. ಇಂಥ ಹಕ್ಕಿ ನೆಲದ ಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ, ಕತ್ತಲೆ ಡಬ್ಬಿಯಲ್ಲಿಟ್ಟು ಸಂಜೆಯ ಕಾರವಾರ ಬಸ್ಸಿಗೆ ಹೇಗಾದರೂ ಮಾಡಿ ಹತ್ತಿಸು, ಬೆಳಗ್ಗೆ ನಾನೇ ಬಂದು ಇಳಿಸಿಕೊಂಡು ಕಡಲಿಗೆ ಬಿಡುತ್ತೇನೆ. ನೀರು ಕುಡಿಸಬೇಡ, ಕಾಳು ತಿನ್ನಿಸಬೇಡ. ಡಬ್ಬಿಗೆ ಹಾಕುವ ಮೊದಲು ರೆಕ್ಕೆ ಬಿಚ್ಚಿ ಒಂದು ಫೋಟೋ ತೆಗೆ. ಜೂನಿನ ಹಕ್ಕಿ ಅದು, ಶಾಂಭವಿ, ಎಂದರು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಬರುತ್ತೇನೆ ಎಂದಷ್ಟೇ ಕಾಕಾನಿಗೆ ಫೋನಿನಲ್ಲಿ ಹೇಳಿ ಸ್ಕೂಟಿ ಹತ್ತಿದೆ.

ಗಾಳಿಗೆ ಎದುರಾಗಿ ಸ್ಕೂಟಿ ಓಡಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಕಣ್ಣಿಗೆ ಮಣ್ಣು, ಬಾಯಿಗೆ ಮಣ್ಣು, ಪಕ್ಕದಲ್ಲಿ ಲಾರಿ ಹೋದಾಗಲೆಲ್ಲ ಗಾಡಿ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತದೆ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಕುಣಿಯುತ್ತಲೇ ಇತ್ತು. ಕಾಕಾನ ಕರೆ ಅದೆಂದು ಆಮೇಲೆ ತಿಳಿಯಿತು, ಆಗ ನಿಲ್ಲಿಸಿ ನೋಡುವ ತಾಳ್ಮೆ ನನಗಿರಲಿಲ್ಲ. ನೋಡಿದ್ದರೆ ತಿಕೋಟಾಕ್ಕೆ ಹೋಗುವ ಬದಲು ನೇರವಾಗಿ ಬಬಲೇಶ್ವರಕ್ಕೇ ಹೋಗುತ್ತಿದ್ದೆ, ಒಂದಿಷ್ಟು ಹೊತ್ತು ಉಳಿಯುತ್ತಿತ್ತು.

ತೋಟದಲ್ಲಿ ಕ್ರೇಟು ಖಾಲಿ ಇತ್ತು. ಕಾಕಾ ಅದರ ಪಕ್ಕದಲ್ಲೇ ನಿಂತಿದ್ದರು, ಏನೋ ಒಳ್ಳೆಯ ಕೆಲಸ ಮಾಡಿ ಮುಗಿಸಿದವರ ಮುಖ ಹೊತ್ತುಕೊಂಡು.

“ಅದಕ್ಕ ನಿಲ್ಲಾಕ ಬರವಲ್ದು ತಂಗಿ. ಎರಡೂ ಕಾಲು ಮುರದಾವ. ಯಲಗೂರಪ್ಪ ಬಂದಿದ್ದ, ಅವನ ಕೈಯಾಗ ಕೊಟ್ಟ ಕಳಿಸೇನಿ.”

ಪೆಟ್ರೆಲ್ಲಿಗೆ ನಿಲ್ಲಲು ಬರುವುದೇ ಇಲ್ಲ. ಅದರ ಕಾಲಿಗೆ ಮೈ ಹೊರುವ ಬಲವಿಲ್ಲ. ನೆಲಕ್ಕೆ ಬಂದರೆ ಮೊಣಕಾಲೂರಿದ ಹಾಗೆ ಕುಸಿದು ಕೂರುತ್ತದೆ, ಹಾಗೆಯೇ ತೆವಳುತ್ತದೆ. ಹುಟ್ಟಿದಾಗಿನಿಂದ ಸಾಯುವ ತನಕ ಅದು ಕೂರುವುದೇ ಹಾಗೆ. ಇದು ನನಗೆ ಗೊತ್ತಿತ್ತು, ಬೆಳಗ್ಗೆ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳುವುದು ಹೊಳೆಯಲೇ ಇಲ್ಲ.

ಯಲಗೂರಪ್ಪ ಯಾರೆಂದು ಪಾರಿವಾಳ ಸಾಕಿದವರನ್ನು ಕೇಳಬೇಕು. ಅರಕೇರಿಯಿಂದ ಕನಮಡಿಯ ತನಕ ಯಾರ ಮಾಳಿಗೆಯ ಪಾರಿವಾಳಕ್ಕೆ ಬೆಕ್ಕು ಬಾಯಿ ಹಾಕಲಿ, ಯಾರ ಮನೆಯ ಕೋಳಿ ಕಾಲು ಗಾಡಿಯಡಿ ಸಿಗಲಿ, ಬಬಲೇಶ್ವರದ ಯಲಗೂರಪ್ಪನ ಹತ್ತಿರ ಹೋಗುತ್ತದೆ. ಡಾಕ್ಟರು ಬೇಡ ಅಂದದ್ದನ್ನು ನಾನು ಹಾರಿಸೇನಿ ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಮನುಷ್ಯ. ಹೇಳಿಕೊಳ್ಳುವುದರಲ್ಲಿ ಅರ್ಧ ನಿಜವೂ ಇದೆ. ಬೆಳಗ್ಗೆ ಹಿಂಡಿ ಒಯ್ಯಲು ತಿಕೋಟಾಕ್ಕೆ ಬಂದವರು, ಹಕ್ಕಿ ನೋಡಿದ ಕೂಡಲೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಿದ್ದರು. ಕಾಕಾ ಅಲ್ಲಿಂದಲೇ ಅವರಿಗೆ ಫೋನು ಹಚ್ಚಿದರು. ಎತ್ತಲಿಲ್ಲ. ಹಕ್ಕಿಗೆ ಕೈ ಹಚ್ಚಿದಾಗ ಯಲಗೂರಪ್ಪ ಯಾರ ಫೋನೂ ಎತ್ತುವುದಿಲ್ಲ ಎಂದು ಕಾಕಾ ಹೆಮ್ಮೆಯಿಂದಲೇ ಹೇಳಿದರು. ನನಗೆ ಅವರ ಹೆಮ್ಮೆಯ ಮೇಲೆ ಕೆಟ್ಟ ಸಿಟ್ಟು ಬಂತು.

ಕಾಕಾನನ್ನು ಹಿಂದೆ ಕೂರಿಸಿಕೊಂಡು ಬಬಲೇಶ್ವರದ ದಾರಿ ಹಿಡಿದೆ. ಅವರ ಬಿಳಿ ಟೊಪ್ಪಿಗೆ ಗಾಳಿಗೆ ಎರಡು ಸಲ ಹಾರಿತು, ಎರಡು ಸಲ ಇಳಿದು ಹೊಲದಲ್ಲಿ ಓಡಿ ಹಿಡಿದುಕೊಂಡು ಬಂದರು. ಮೂರನೇ ಸಲ ಹಾರಿದರೆ ಬಿಟ್ಟು ಹೋಗುತ್ತೇನೆ ಎಂದೆ. ಆಮೇಲೆ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ದಾರಿಯಲ್ಲಿ ಕೂಗಿ ಕೂಗಿ ಹೇಳಿದೆ, ಅದರ ಕಾಲು ಮುರಿದಿಲ್ಲ, ಅದು ಕೂರುವುದೇ ಹಾಗೆ ಎಂದು. ಕಾಕಾ ಬಬಲೇಶ್ವರ ಹತ್ತಿರ ಬಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ, ಯಲಗೂರಪ್ಪಗ ಸಾವಕಾಶ ಹೇಳು ತಂಗಿ, ಮುದುಕ ಮನಸ್ಸಿಗೆ ಹಚ್ಚಿಕೊಳ್ತಾನ ಎಂದರು.

ಯಲಗೂರಪ್ಪ ಮನೆಯ ಮುಂದೆ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಿದ್ದರು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಮೊಮ್ಮಗಳಿಗೆ ಹೊಸ ಬಟ್ಟೆ ತೊಡಿಸಿ ತೋರಿಸುವ ಹಾಗೆ ಹಕ್ಕಿ ತೋರಿಸಿದರು. ಎರಡೂ ಕಾಲಿಗೆ ಕಸಬರಿಗೆ ಕಡ್ಡಿ ಇಟ್ಟು, ಅರಿಶಿನ ಸುಣ್ಣ ಮೆತ್ತಿ, ದಾರ ಸುತ್ತಿದ್ದರು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಬೇರೆ ಹಕ್ಕಿಗೆ ಮಾಡಿದ್ದರೆ ನಾನೇ ಫೋಟೋ ತೆಗೆಯುತ್ತಿದ್ದೆ. ಹಕ್ಕಿ ಕಡ್ಡಿ ಕಟ್ಟಿದ ಕಾಲನ್ನು ನೂಕುತ್ತ, ಬುಟ್ಟಿಯ ಅಂಚಿಗೆ ಎದೆ ತಾಗಿಸುತ್ತ, ಒಂದು ಕ್ಷಣವೂ ಸುಮ್ಮನಿರದೆ ಕೆರೆಯುತ್ತಿತ್ತು. ಆಗ ಅದರ ರೆಕ್ಕೆ ಕಂಡಿತು. ಎರಡೂ ರೆಕ್ಕೆಯ ತುದಿ ಮೊಂಡಾಗಿತ್ತು.

ಪಾರಿವಾಳದವರ ರೂಢಿ ಅದು. ಹೊಸ ಹಕ್ಕಿ ತಂದರೆ ಗೂಡಿಗೆ ಹೊಂದಿಕೊಳ್ಳುವ ತನಕ ಹಾರಿ ಹೋಗದಿರಲಿ ಎಂದು ರೆಕ್ಕೆಯ ತುದಿಯ ಉದ್ದ ಗರಿ ಕೀಳುತ್ತಾರೆ. ತಿಂಗಳು ಒಪ್ಪತ್ತಿನಲ್ಲಿ ಮತ್ತೆ ಬರುತ್ತವೆ, ಅಷ್ಟರಲ್ಲಿ ಹಕ್ಕಿಗೆ ಮನೆ ಗೊತ್ತಾಗಿರುತ್ತದೆ. ಅದರಲ್ಲಿ ಕ್ರೂರತನ ಏನೂ ಇಲ್ಲ, ಅವರ ಲೆಕ್ಕದಲ್ಲಿ ಅದು ಪ್ರೀತಿ.

“ಕಾಲು ಕೂಡೋತನಕ ಹಾರಬಾರದಲ್ಲ ಬೇ, ಅದಕ್ಕ ತುದೀ ಪರ ಕಿತ್ತೇನಿ,” ಎಂದರು ಯಲಗೂರಪ್ಪ. “ಮತ್ತ ಬರ್ತಾವ. ಚಿಂತಿ ಮಾಡಬ್ಯಾಡ.”

ಬಸ್ಸು, ಡಬ್ಬಿ, ಕಾರವಾರ, ಎಲ್ಲ ಆ ಒಂದು ಮಾತಿಗೆ ಮುಗಿದು ಹೋಯಿತು. ಹಾರಲಾರದ ಪೆಟ್ರೆಲ್ಲನ್ನು ಕಡಲಿಗೆ ಬಿಡುವುದೂ ಒಂದೇ, ಕಲ್ಲು ಕಟ್ಟಿ ಬಾವಿಗೆ ಹಾಕುವುದೂ ಒಂದೇ. ನನಗೆ ಕೂಗಾಡಬೇಕೆನ್ನಿಸಿತು, ಅಳಬೇಕೆನ್ನಿಸಿತು. ಆದರೆ ಬಾಯಿಂದ ಬಂದ ಮೊದಲ ಮಾತು, ಕಿತ್ತ ಗರಿ ಎಲ್ಲಿವೆ ಎಂಬುದಾಗಿತ್ತು. ಈಗಲೂ ಅದನ್ನು ನೆನೆದರೆ ಮೈ ಮುದುಡುತ್ತದೆ.

ಗರಿಗಳನ್ನು ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ಒಂದನ್ನು ಆಗಲೇ ಕಿವಿ ತುರಿಸಿಕೊಳ್ಳಲೆಂದು ತೆಗೆದಿಟ್ಟುಕೊಂಡಿದ್ದರು, ಅದನ್ನೂ ಇಸಿದುಕೊಂಡೆ. ಅತೀಕ ಸರ್‌ಗೆ ಫೋನು ಹಚ್ಚಿ ಆದದ್ದೆಲ್ಲ ಹೇಳಿದೆ. ಅವರು ಒಂದು ನಿಟ್ಟುಸಿರು ಬಿಟ್ಟು, ಹಾಗಾದರೆ ಬಸ್ಸಿಗೆ ಹಾಕಿ ಉಪಯೋಗವಿಲ್ಲ, ಕಡ್ಡಿ ಬಿಚ್ಚಿಸಿ ಕತ್ತಲಲ್ಲಿಡು, ರಾತ್ರಿ ದಾಟಿದರೆ ನಾಳೆ ನಾನೇ ಗಾಡಿ ಮಾಡಿಕೊಂಡು ಬಂದು ಒಯ್ಯುತ್ತೇನೆ, ಗರಿ ಬರುವ ತನಕ ಮೀನು ಅರೆದು ಹಾಕಿ ನೋಡೋಣ ಎಂದರು. ಆಮೇಲೆ ದನಿ ತಗ್ಗಿಸಿ, ಬೆಳಕಿರುವಾಗಲೇ ಗರಿಗಳ ಫೋಟೋ ತೆಗೆ ಎಂದರು.

ಕಡ್ಡಿ ಬಿಚ್ಚಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಎಲ್ಲ ಹೇಳಬೇಕು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಯಲಗೂರಪ್ಪನಿಗೆ, ದಾರ ಬಿಗಿಯಾದ ಹಾಗಿದೆ, ಬಿಚ್ಚಿ ಸ್ವಲ್ಪ ಹೊತ್ತು ಬಿಡಿ ಎಂದಷ್ಟೇ ಹೇಳಿ, ಪೇಪರಿನ ಪೊಟ್ಟಣ ಹಿಡಿದು ಮಾಳಿಗೆ ಹತ್ತಿದೆ.

ಮೇಲೆ ಅವರ ಪಾರಿವಾಳಗಳು ಗಾಳಿಗೆ ಬೆದರಿ ಗೂಡಿನೊಳಗೇ ಗುಟುರು ಹಾಕುತ್ತಿದ್ದವು. ನೀರಿನ ಟಾಕಿಯ ಮರೆಯಲ್ಲಿ ಕುಳಿತು, ನನ್ನ ಬಿಳಿ ದುಪಟ್ಟಾ ಹಾಸಿ, ಒಂದೊಂದೇ ಗರಿ ಸಾಲಾಗಿ ಇಟ್ಟು, ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಮೊದಲನೆಯ ಗರಿಯ ಕಡ್ಡಿ ಉದ್ದಕ್ಕೂ ಕಪ್ಪಗೆ, ಬುಡದಲ್ಲಿ ಮಾತ್ರ ಚೂರೇ ಚೂರು ಬಿಳಿ. ಎರಡನೆಯದೂ ಹಾಗೆಯೇ. ಎಲ್ಲವೂ ಹಾಗೆಯೇ. ಸ್ವಿನ್ಹೋ! ಜೂನ್ ತಿಂಗಳಲ್ಲಿ, ಗಾಳಿ ಮಳೆಯ ನಡುವೆ, ನಮ್ಮ ಕಡಲಿನ ಮೇಲೆ ಇದ್ದ ಸ್ವಿನ್ಹೋ. ನಾನು ಆ ಮಾಳಿಗೆಯ ಮೇಲೆ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಫೋಟೋ ತೆಗೆದು ಕಳಿಸಿದೆ. ಈ ಕಡೆಯಿಂದ, ಆ ಕಡೆಯಿಂದ, ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು ಮತ್ತೆ ತೆಗೆದು ಕಳಿಸಿದೆ. ನೀನು ಗೆದ್ದೆ ಮಾರಾಯ್ತಿ ಎಂದು ಅತೀಕ ಸರ್ ಬರೆದರು. ಅದಕ್ಕೆ ಉತ್ತರ, ಉತ್ತರಕ್ಕೆ ಮತ್ತೆ ಉತ್ತರ. ನಾಲ್ಕು ವರ್ಷ ಕುರ್ಚಿಯಲ್ಲಿ ಕುಳಿತದ್ದು ಸಾರ್ಥಕವಾಯಿತು ಎನ್ನಿಸಿತು. ಕೆಳಗೆ ಬುಟ್ಟಿಯಲ್ಲಿ ಹಕ್ಕಿ ಇದೆ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಇಳಿದು ಬಂದಾಗ ಯಲಗೂರಪ್ಪ ಕಟ್ಟೆಯ ಮೇಲೆ ಹಾಗೆಯೇ ಕುಳಿತಿದ್ದರು. ಹಕ್ಕಿ ಅವರ ಅಂಗೈಯಲ್ಲಿತ್ತು. ಕಡ್ಡಿ, ದಾರ ಬಿಚ್ಚಿದ್ದರು, ಒದ್ದೆ ಬಟ್ಟೆಯಿಂದ ಸುಣ್ಣವನ್ನೂ ಒರೆಸಿದ್ದರು. ಅಷ್ಟು ಹೊತ್ತು ಕೆರೆಯುತ್ತಿದ್ದ ಕಾಲು ಈಗ ಅಲುಗುತ್ತಿರಲಿಲ್ಲ. ಕಾಕಾ ಮುಖ ಆಚೆ ತಿರುಗಿಸಿ ನಿಂತಿದ್ದರು.

ನನ್ನ ಕೈಯಲ್ಲಿ ಫೋನು ಇನ್ನೂ ಬೆಳಗುತ್ತಿತ್ತು. ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡೆ.

ಯಲಗೂರಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟೋ ಹಕ್ಕಿ ಅವರ ಕೈಯಲ್ಲಿ ಸತ್ತಿರಬೇಕು, ಆದರೂ ಅಳುತ್ತಿದ್ದರು. ತಲೆ ಎತ್ತಿ ನನ್ನನ್ನು ಕೇಳಿದರು. “ನೀ ಓದಿದಾಕಿ, ಹೇಳು. ಕಾಲು ಮುರದದ್ದಕ್ಕ ಹೋತು, ಹೌದಿಲ್ಲೊ? ತಡಾ ಆತು ನನ್ನ ಕೈಗೆ ಬರೋದು.”

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಎದುರಿಗೆ ಕೂತು ಅಳುತ್ತಿರುವ ಮುದುಕನಿಗೆ ಏನೆಂದು ಬೈಯುವುದು? ಬೈಯುವ ಹಕ್ಕಾದರೂ ನನಗೆಲ್ಲಿತ್ತು? ಗುರುತು ಖಾತ್ರಿಯಾಗದೆ ಒಂದು ಚುಕ್ಕೆಯನ್ನೂ ಇಡದ ನಾನು, ಹೌದು ಯಲಗೂರಪ್ಪ ಕಾಕಾ, ಎರಡೂ ಮುರಿದಿದ್ದವು, ನೀವು ಮಾಡುವಷ್ಟು ಮಾಡಿದಿರಿ ಎಂದೆ. ಮಲ್ಲಿಕಸಾಬ ಕಾಕಾ ನನ್ನ ಕಡೆ ನೋಡಿ ತಲೆ ಆಡಿಸಿದರು. ಒಳ್ಳೆಯದು ಮಾಡಿದೆ ಎಂದು ಅವರ ಕಣ್ಣು ಹೇಳಿತು. ನನಗೂ ಎದೆ ಹಗುರಾಯಿತು.

ಹಗುರಾದದ್ದು ಯಲಗೂರಪ್ಪ ಮೂಗು ಒರೆಸಿಕೊಂಡು ಫೋನು ತೆಗೆಯುವ ತನಕ ಮಾತ್ರ. ಜಿಲ್ಲೆಯ ಪಾರಿವಾಳದವರದೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಇದೆ. ಅದರಲ್ಲಿ ಯಲಗೂರಪ್ಪನ ಮಾತೆಂದರೆ ಮಾತು. ಬರೆಯಲು ಬೇಸರ, ಯಾವಾಗಲೂ ಧ್ವನಿ ಸಂದೇಶವೇ. ಫೋನನ್ನು ಬಾಯಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು, ತಮ್ಮ ಡಾಕ್ಟರ್ ದನಿಯಲ್ಲಿ ಹೇಳಿದರು: ಗಾಳಿಗೆ ಕರಿ ಬಣ್ಣದ ಸಣ್ಣ ಹಕ್ಕಿ ಬೀಳಾಕತ್ತಾವ, ಸಮುದ್ರದ ಹಕ್ಕಿ, ಯಾರಿಗರೆ ಸಿಕ್ಕರೆ ಅದರ ಎರಡೂ ಕಾಲು ಮುರಿದಿರತಾವ, ತಡ ಮಾಡದೆ ಕಡ್ಡಿ ಕಟ್ರಿ, ತುದೀ ಪರ ಕೀಳ್ರಿ, ಓದಿದವರನ್ನ ಕೇಳೇ ಹೇಳಾಕತ್ತೇನಿ. ಕಳಿಸಿಯೇ ಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಮುಗಿದ ಚಿತ್ರಗಳು ಬರತೊಡಗಿದವು.

ಚಂಡಮಾರುತ ಒಂದೇ ಹಕ್ಕಿಯನ್ನು ಹೊತ್ತು ತರುವುದಿಲ್ಲ. ತಿಕೋಟಾದ ಶೆಡ್ಡಿನಲ್ಲಿ ಒಂದು ಬಿದ್ದಿದ್ದರೆ ಇನ್ನೆಲ್ಲೋ ಹೊಲದಲ್ಲಿ, ಕೆರೆಯ ದಂಡೆಯಲ್ಲಿ, ಯಾರದೋ ಹಿತ್ತಲಿನಲ್ಲಿ ಇನ್ನೊಂದು ಮೊಣಕಾಲೂರಿ ಕೂತಿರುತ್ತದೆ. ಅದನ್ನು ಕಂಡವನು ಯಾರ ಮಾತು ಕೇಳುತ್ತಾನೆ? ನನ್ನ ಕರುಣೆ ಈಗ ಕಡ್ಡಿ, ದಾರ ಹಿಡಿದು ಜಿಲ್ಲೆಯೆಲ್ಲ ಹೊರಟಿತ್ತು. ಕಟ್ಟೆಯ ಸುತ್ತ ಒಂದು ಸುತ್ತು ಹಾಕಿದೆ, ಇನ್ನೊಂದು ಹಾಕಿದೆ. ಬೇಡ ಎಂಬಂತೆ ಮಲ್ಲಿಕಸಾಬ ಕಾಕಾ ಕೈ ಎತ್ತಿದ್ದು ಕಂಡರೂ ಕಾಣದವಳಂತೆ ಯಲಗೂರಪ್ಪನ ಎದುರಿಗೆ ನೆಲದ ಮೇಲೆ ಕುಳಿತೆ.

“ಕಾಕಾ, ನಾ ಸುಳ್ಳು ಹೇಳಿದೆ. ಅದರ ಕಾಲು ಮುರದಿರಲಿಲ್ಲ. ಅದರ ಜಾತಿನ ಹಂಗ, ನಿಲ್ಲಾಕ ಬರಂಗಿಲ್ಲ.”

ಮೊದಲು ಅವರಿಗೆ ಸಿಟ್ಟು ಬಂತು. ನೀನು ಹುಟ್ಟುವ ಮೊದಲಿನಿಂದ ಹಕ್ಕಿ ಹಿಡಿದ ಕೈ ಇದು ಎಂಬ ಅರ್ಥದ ಮಾತು ಒಂದಷ್ಟು ಆಡಿದರು. ಆಡುತ್ತ ಆಡುತ್ತ ಅವರ ಬಲಗೈ ಹೆಬ್ಬೆರಳು ತಾನಾಗಿಯೇ ಹಕ್ಕಿಯ ಕಾಲಿನ ಮೇಲೆ ಹೋಯಿತು. ತೊಡೆಯಿಂದ ಕೆಳಗೆ, ಗಂಟು ದಾಟಿ, ಬೆರಳಿನ ಜಾಲದ ತನಕ ಒತ್ತಿ ನೋಡಿದರು. ಇನ್ನೊಂದು ಕಾಲನ್ನೂ ನೋಡಿದರು.

“ಮುರದ ಜಾಗ ಮುಂಜಾನೆನೂ ಕೈಗೆ ಸಿಕ್ಕಿರಲಿಲ್ಲ,” ಎಂದರು ಕೊನೆಗೆ. “ಸಣ್ಣ ಎಲುಬು, ಒಳಗ ಸೀಳಿರಬೇಕು ಅಂದ್ಕೊಂಡೆ.”

ಅದು ಮೊದಲೇ ದಣಿದು ಬಂದಿತ್ತು, ಯಾರೂ ಮುಟ್ಟದಿದ್ದರೂ ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಹೇಳಿದೆ. ಅದು ಸುಳ್ಳಲ್ಲ. ಗರಿ ಕಿತ್ತದ್ದು ತಪ್ಪಾಯಿತು ಎಂದೂ ಹೇಳಿದೆ. ನಾನು ಮಾಳಿಗೆಯ ಮೇಲೆ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಿದೆ, ಕೇಳದಿದ್ದರೂ ಹೇಳಿದೆ. ಅವರು ಹಕ್ಕಿಯನ್ನು ಟವೆಲ್ಲಿನ ಮೇಲೆ ಮಲಗಿಸಿ, ಕೈಯನ್ನು ಮೂಗಿಗೆ ಹಿಡಿದು ವಾಸನೆ ನೋಡಿಕೊಂಡರು. ಪೆಟ್ರೆಲ್ಲಿನ ಮೈಯೆಣ್ಣೆಯ ವಾಸನೆ ಅದು, ತೊಳೆದರೂ ಬೇಗ ಹೋಗುವುದಿಲ್ಲ.

ಆ ಸಂದೇಶ ಅಳಿಸಿಬಿಡೋಣ, ಫೋನು ಕೊಡ್ರಿ, ನಾನೇ ಅಳಿಸುತ್ತೇನೆ ಎಂದು ಮಲ್ಲಿಕಸಾಬ ಕಾಕಾ ಮುಂದೆ ಬಂದರು. ಯಾರಿಗೂ ಏನೂ ತಿಳಿಯುವುದಿಲ್ಲ ಎಂದರು. ಪಾಪ, ದೋಸ್ತನ ಮಾನ ಉಳಿಸುವ ಆಸೆ ಅವರಿಗೆ.

ಯಲಗೂರಪ್ಪ ಫೋನು ಕೊಡಲಿಲ್ಲ. “ಇಲ್ಲಿಂದ ಅಳಿಸಿದ್ರ ಕೇಳಿದವ್ರ ಕಿವಿಯಿಂದ ಹೋಕ್ಕೈತೇನ ಮಲ್ಲಿಕ?”

ಮತ್ತೆ ಫೋನನ್ನು ಬಾಯಿಗೆ ಹಿಡಿದರು. ಒಮ್ಮೆ ಒತ್ತಿದರು, ಬಿಟ್ಟರು. ಎದ್ದು ಬೇವಿನ ಗಿಡದ ತನಕ ಹೋದರು, ತಿರುಗಿ ಬಂದರು, ಮತ್ತೆ ಹೋದರು. ನಾಲ್ಕೂರಿಗೆ ಬುದ್ಧಿ ಹೇಳಿದ ಬಾಯಿಯಿಂದ ಇಂಥ ಮಾತು ಹೊರಡಿಸುವುದು ಎಷ್ಟು ಕಷ್ಟವೆಂದು ಅವರ ಕುತ್ತಿಗೆಯ ನರ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಹೇಳಿದರು. ಈ ಸಲ ಡಾಕ್ಟರ್ ದನಿ ಇರಲಿಲ್ಲ.

“ಯಲಗೂರಪ್ಪ ಮಾತಾಡಾಕತ್ತೇನಿ. ಮೊದಲ ಹೇಳಿದ್ದು ತಪ್ಪೈತಿ, ಯಾರೂ ಕೇಳಬ್ಯಾಡ್ರಿ. ಆ ಕರಿ ಹಕ್ಕಿ ಕಾಲು ಮುರದಿರಂಗಿಲ್ಲ, ಅದು ಕೂಡೋದ ಹಂಗ. ನನಗ ಗೊತ್ತಾಗಲಿಲ್ಲ. ಕಡ್ಡಿ ಕಟ್ಟಿದೆ, ಪರ ಕಿತ್ತೆ, ನನ್ನ ಕೈಯಾಗ ಸತ್ತೈತಿ. ನೀವು ಹಂಗ ಮಾಡಬ್ಯಾಡ್ರಿ.”

ಕಳಿಸಿ, ಫೋನನ್ನು ಕಟ್ಟೆಯ ಮೇಲೆ ಬೋರಲು ಇಟ್ಟು, ಅದರಿಂದ ದೂರ ಸರಿದು ಕುಳಿತರು. ಯಾರು ಏನು ಬರೆಯುತ್ತಾರೆ ಎಂದು ನೋಡುವ ಧೈರ್ಯ ನಮ್ಮ ಮೂವರಿಗೂ ಇರಲಿಲ್ಲ. ಮಾಳಿಗೆಯ ಮೇಲೆ ಪಾರಿವಾಳಗಳು ಕಾಳಿಗಾಗಿ ಗದ್ದಲ ಹಾಕತೊಡಗಿದ್ದವು, ಯಲಗೂರಪ್ಪ ಏಳಲಿಲ್ಲ. ಕೈ ಚಾಚಿ ಹಕ್ಕಿಯ ಮೇಲೆ ಟವೆಲ್ಲಿನ ಅಂಚು ಎಳೆದು ಮುಚ್ಚಿದರು.

ಫೋನು ಬಡಿದುಕೊಂಡಿತು. ಯಲಗೂರಪ್ಪ ಅದರ ಕಡೆ ನೋಡಿದರು, ಎತ್ತಲಿಲ್ಲ. ನಿಂತು ಮತ್ತೆ ಬಡಿದುಕೊಂಡಾಗ ಮಲ್ಲಿಕಸಾಬ ಕಾಕಾ ಎತ್ತಿ ಸ್ಪೀಕರ್ ಹಚ್ಚಿದರು. ಕನಮಡಿಯಿಂದ ಭಾಗಪ್ಪ ಎಂಬವನು, ಅವನೂ ಪಾರಿವಾಳ ಸಾಕಿದವನೇ. ಗಾಳಿಯ ಸದ್ದಿನಲ್ಲಿ ಅವನು ಒದರಿ ಮಾತಾಡುತ್ತಿದ್ದ. ಅವನ ಹೊಲದ ಬದುವಿನಲ್ಲಿ ಮಧ್ಯಾಹ್ನ ಅಂಥದೇ ಒಂದು ಸಿಕ್ಕಿತ್ತಂತೆ. ಜೀವ ಐತ್ರಿ, ಬುಟ್ಟಿಯೊಳಗೆ ಒಂದೇ ಸವನೆ ಒದ್ದಾಡಾಕತ್ತೈತಿ ಎಂದ. ಮೊದಲ ಸಂದೇಶ ಕೇಳಿ ಕಾಲಿಗೆ ಕಟ್ಟಲು ಕಡ್ಡಿ ಕೆತ್ತುತ್ತ ಕುಳಿತಿದ್ದನಂತೆ, ಅಷ್ಟರಲ್ಲಿ ಎರಡನೆಯದು ಬಂತಂತೆ.

“ಪರ ಕಿತ್ತೀಯೇನ?” ಯಲಗೂರಪ್ಪ ಎದ್ದು ನಿಂತಿದ್ದರು.

ಇಲ್ರಿ, ಇನ್ನೂ ಏನೂ ಮಾಡಿಲ್ಲ, ಈಗ ಏನು ಮಾಡಲಿ ಹೇಳ್ರಿ ಎಂದ ಭಾಗಪ್ಪ.

ಯಲಗೂರಪ್ಪ ನನ್ನ ಮುಖ ನೋಡಿದರು. ನಾನು ಆಗಲೇ ಸ್ಕೂಟಿಯ ಕೀಲಿ ಹಿಡಿದು ನಿಂತಿದ್ದೆ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಏನೂ ಮಾಡಬ್ಯಾಡೋ ತಮ್ಮಾ,” ಎಂದರು. “ಕತ್ತಲಾಗ ಇಟ್ಟು ಸುಮ್ಮನ ಕುಂದ್ರು. ನಾವು ಬರಾಕತ್ತೇವಿ.”